ಕಾರಿನ ಜೊತೆ ಹೋದ ಅತ್ತೆ

ಗಂಡ ತೀರಿಕೊಂಡ ಮೇಲೆ ಆ ದುಬಾರಿ ಕಾರನ್ನು ಇಟ್ಟುಕೊಳ್ಳುವುದೆಂದರೆ ಆನೆ ಸಾಕಿದ ಹಾಗಾಗಿತ್ತು. ದಲ್ಲಾಳಿಗಳ ಕಾಟ ಬೇಡವೆಂದು ಹಲ್ಲಿನ ಡಾಕ್ಟರಾದ ಅವಳು ತಾನೇ ಜಾಹೀರಾತು ಹಾಕಿದಳು.

ಭಾನುವಾರ ಬೆಳಿಗ್ಗೆ ಸೋಫಾ ಅಂಗಡಿಯವನೊಬ್ಬ ಸ್ಕೂಟರಿನಲ್ಲಿ ಬಂದ. ಬಾನೆಟ್ ಎತ್ತಿ ನೋಡಿದ, ಚರ್ಮದ ಸೀಟು ಸವರಿದ. "ಒಂದು ರೌಂಡ್ ಹೋಗ್ಬರ್ಲಾ ಮೇಡಂ?"

ಅಷ್ಟರಲ್ಲಿ ಕ್ಲಿನಿಕ್ಕಿನಿಂದ ಫೋನು. ಹಲ್ಲು ಕಿತ್ತ ಜಾಗದಲ್ಲಿ ಯಾರಿಗೋ ರಕ್ತ ನಿಲ್ಲುತ್ತಿಲ್ಲವಂತೆ. ಅತ್ತೆ ಕೀ ಹಿಡಿದುಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಕೂತೇಬಿಟ್ಟರು. "ನೀನು ಮಾತಾಡಮ್ಮ. ಗಾಡಿ ಜೊತೆ ನಾನಿರ್ತೀನಿ." ಕೀ ಒಳಗಿದ್ದರೆ ಸಾಕು, ಗುಂಡಿ ಒತ್ತಿದರೆ ಹೊರಡುವ ಕಾರು ಅದು.

ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಅತ್ತೆಯ ಮೊಬೈಲು ಮೇಜಿನ ಮೇಲೇ ಇತ್ತು. ಅವನ ನಂಬರು ಸ್ವಿಚ್ ಆಫ್. ಗೇಟಿನ ಹತ್ತಿರವಿದ್ದ ಸ್ಕೂಟರು ನೋಡಿ ಅವಳು ಸಮಾಧಾನ ತಂದುಕೊಂಡಳು.

ಪಕ್ಕದ ಮನೆಯ ಮೇಷ್ಟ್ರು ಕಾಂಪೌಂಡಿನಾಚೆಯಿಂದ ಇಣುಕಿ ವಿಷಯ ಕೇಳಿದರು. "ಆ ಸ್ಕೂಟರೂ ಕದ್ದಿದ್ದೇ ಇರಬಹುದಲ್ವಾ?"

ಅವಳು ಗೇಟಿನಾಚೆ ಓಡಿ ರಸ್ತೆ ನೋಡಿದಳು. ಕಾರು ಹಾಳಾಗಿ ಹೋಗಲಿ, ಅತ್ತೆಯನ್ನು ಎಲ್ಲಿ ಇಳಿಸಿರುತ್ತಾನೆ? ನಾದಿನಿಗೆ ಏನೆಂದು ಹೇಳುವುದು?

ಪೊಲೀಸರಿಗೆ ಹೇಳೋಣವೆನ್ನುವಷ್ಟರಲ್ಲಿ ಮಲಗುವ ಕೋಣೆಯಲ್ಲಿ ಗಂಡನ ಮೊಬೈಲು ಹೊಡೆದುಕೊಂಡಿತು. ಬ್ಯಾಂಕಿನ ಕೆಲಸಕ್ಕೆಂದು ಅದನ್ನು ಚಾರ್ಜಿಗೆ ಹಾಕಿಯೇ ಇಟ್ಟಿದ್ದಳು.

"ನಾನೇ ಕಣೆ, ಪೆಟ್ರೋಲ್ ಬಂಕಿಂದ. ಯಾರ ನಂಬರೂ ಬಾಯಿಗೆ ಬರ್ಲಿಲ್ಲ, ಮಗನದೊಂದೇ ಬಂತು."

"ಏನಾಯ್ತು ಅತ್ತೆ?"

"ಊರು ದಾಟಿಸ್ಬಿಟ್ಟ! ಕೇಳಿದ್ರೆ, ಹೆಂಡ್ತಿಗೆ ತೋರಿಸ್ಬೇಕು ಅಂತಾನೆ. ಬಾತ್‌ರೂಮ್ ನೆಪ ಹೇಳಿ ನಿಲ್ಲಿಸ್ದೆ. ಕೀ ನನ್ನ ಹತ್ರಾನೇ ಇದೆ. ನೀನು ಬರೋತನಕ ಕೊಡಲ್ಲ."

ಮೇಷ್ಟ್ರ ಕಾರಿನಲ್ಲಿ ಓಡಿದಳು. ಬಂಕಿನ ಆಫೀಸಿನಲ್ಲಿ ಅತ್ತೆ ಮುಷ್ಟಿ ಬಿಗಿಹಿಡಿದು ಕೂತಿದ್ದರು. ಹೊರಗೆ ಅಂಗಡಿಯವ ಬೆವರುತ್ತ ನಿಂತಿದ್ದ. ಹತ್ತಿರದ ಮನೆಯಿಂದ ನಡೆದು ಬಂದಿದ್ದ ಹೆಂಡತಿ ಅವನಿಗೆ ಬೈಯುತ್ತಿದ್ದಳು.

"ಕೇಳದೆ ಇಷ್ಟು ದೂರ ತಂದಿದ್ದು ತಪ್ಪಾಯ್ತು ಮೇಡಂ. ಫೋನ್ ಚಾರ್ಜೂ ಹೋಗಿತ್ತು. ಕಾರು ನಾನೇ ತಗೋತೀನಿ. ಮೊದಲು ನಿಮ್ಮ ಅತ್ತೇನ ಒಪ್ಪಿಸಿ."

ಅತ್ತೆ ಅವನ ಹೆಂಡತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮುಷ್ಟಿ ಬಿಚ್ಚಿ ಅವಳ ಕೈಯಲ್ಲಿ ಕೀ ಇಟ್ಟರು. "ನಿಧಾನಕ್ಕೆ ಓಡ್ಸು ಅಂತ ಹೇಳಮ್ಮ. ನನ್ನ ಮಗನ ಗಾಡಿ."

ಮೇಷ್ಟ್ರ ಕಾರಿನಲ್ಲಿ ವಾಪಸು ಬರುವಾಗ ಸೊಸೆ ಅತ್ತೆಯ ಕೈ ಹಿಡಿದುಕೊಂಡಳು. ಮನೆ ಬಂದರೂ ಬಿಡಲಿಲ್ಲ.