ಚಿಟ್ಟೆ ಕೂತ ಅಂಗಿ

ನೋಡಿ ಭಾವ, ಇದರಲ್ಲಿ ಒಂದಕ್ಷರ ಸುಳ್ಳಿದ್ರೆ ನನ್ನ ಕತ್ತರಿ ಇವತ್ತೇ ಮೊಂಡಾಗ್ಲಿ. ಕೂತ್ಕೊಳ್ಳಿ, ನಿಮ್ಮ ಪ್ಯಾಂಟಿಗೆ ಗುಂಡಿ ಹಾಕ್ತಾ ಹೇಳ್ತೀನಿ.

ಬೀದಿ ಕೊನೆ ಮನೆ ಮೇಷ್ಟ್ರು ಗೊತ್ತಲ್ಲ, ಪ್ರತಿ ವಸಂತಕ್ಕೂ ಹತ್ತು ಜನರನ್ನ ಕಾಡಿಗೆ ಕರ್ಕೊಂಡು ಹೋಗಿ ಹೂವು, ಹಕ್ಕಿ, ಚಿಟ್ಟೆ ತೋರಿಸೋರು? ಅವರ ಕಣ್ಣು ಹೋಗ್ತಾ ಇದೆ. ಮುಂದಿನ ವಸಂತ ಕಾಣಲ್ಲ ಅಂದಿದ್ದಾರೆ ಡಾಕ್ಟ್ರು. ಈಗಲೇ ಗೇಣು ದೂರದ್ದು ಮಾತ್ರ ಸರಿಯಾಗಿ ಕಾಣೋದು. ಅವರಿಗೆ ಒಂದೇ ಆಸೆ, ದೊಡ್ಡ ನೀಲಿ ಚಿಟ್ಟೇನ ಇನ್ನೊಂದು ಸಲ ನೋಡ್ಬೇಕು ಅಂತ. ಚಿಟ್ಟೆ ಯಾರಿಗಾದ್ರೂ ಗೇಣು ದೂರಕ್ಕೆ ಬರುತ್ತಾ?

ಅವರ ಕಟ್ಟಳೆ ಮೂರೇ. ಬಟ್ಟೆ ಮಣ್ಣಿನ ಬಣ್ಣದ್ದಿರಬೇಕು. ಬಾಯಿ ಮುಚ್ಕೊಂಡು ಸಾಲಲ್ಲಿ ನಡೀಬೇಕು. ಏನಾದ್ರೂ ಕಂಡ್ರೆ ಮುಂದಿನವರ ಹೆಗಲು ತಟ್ಟಬೇಕು, ಅವರು ಅವರ ಮುಂದಿನವರದ್ದು, ಹೀಗೆ ಮೇಷ್ಟ್ರ ತನಕ. ಈ ಸಲ ನಾನೂ ಹೋಗಿದ್ದೆ. ಹಾಕ್ಕೊಂಡಿದ್ದು ಗಿರಾಕಿಗಳ ಪರದೆ, ಫ್ರಾಕು, ದಿಂಬಿನ ಕವರು ಹೊಲಿದು ಉಳಿದ ಹೂವಿನ ತುಂಡೆಲ್ಲ ಜೋಡಿಸಿದ ಅಂಗಿ. ದರ್ಜಿ ಮೈಮೇಲೆ ಇನ್ನೇನಿರುತ್ತೆ? ನಿಮ್ಮ ತಂಗಿ ಬಾಗಿಲಲ್ಲೇ ಕೇಳಿದ್ಲು, "ಹೂವು ನೋಡೋಕೆ ಹೋಗ್ತಿದ್ದೀರೋ, ಹೂವಾಗೋಕೋ?" ಮೇಷ್ಟ್ರು, ಯಾರೋ ಕಿಟಕಿ ಪರದೆ ಕಿತ್ಕೊಂಡು ಬಂದಿದ್ದಾರೆ ಅಂತ ನನ್ನನ್ನ ಸಾಲಿನ ಕೊನೆಗೆ ತಳ್ಳಿದ್ರು.

ಕಾಡೊಳಗೆ ಕಾಲಿಡೋಕೆ ಜಾಗ ಇಲ್ಲ ಭಾವ. ನೆಲ ಪೂರ್ತಿ ಬಿಳಿ ಹೂವು. ಮಗು ಮಲಗಿರೋ ಕೋಣೇಲಿ ನಡೆಯೋ ಹಾಗೆ ನಡೆದ್ವಿ. ಮೇಲೆಲ್ಲೋ ಒಂದು ಹಕ್ಕಿ ಒಂದೇ ಸಲ ಕೂಗಿ ಸುಮ್ಮನಾಯ್ತು.

ಆಗ ಒಂದು ಹಳದಿ ಚಿಟ್ಟೆ ನನ್ನ ತೋಳ ಮೇಲೆ. ಆಮೇಲೆ ಎರಡು ಬಿಳಿ. ಆಮೇಲೆ ಅಂಗಿಯೇ ಕಾಣ್ಲಿಲ್ಲ. ಹೂವು ಅಂತ ಬಂದ್ವು, ಬೆವರಿನ ಉಪ್ಪು ರುಚಿಸಿ ಕೂತ್ವು. ಕೊನೆಗೆ ಜೇಬಿನ ಅಂಚಿಗೆ ಬಂದಿದ್ದು, ಅಂಗೈ ಅಗಲದ ನೀಲಿ.

ಮುಂದಿದ್ದ ಬೇಕರಿ ಅಕ್ಕನ ಹೆಗಲು ತಟ್ಟಿದೆ. ತಟ್ಟಿದ್ದು ಸಾಲು ದಾಟಿ ಮೇಷ್ಟ್ರಿಗೆ ಮುಟ್ತು. ಅವರು ತಡಕಾಡ್ತಾ ಬಂದು, ಕನ್ನಡಕ ಹಣೆಗೇರಿಸಿ, ನನ್ನ ಜೇಬಿಗೆ ಮೂಗು ತಾಗೋಷ್ಟು ಬಗ್ಗಿದ್ರು. ಅದು ರೆಕ್ಕೆ ಬಿಚ್ತು, ಮುಚ್ತು.

"ಅಲುಗಾಡಬೇಡ ಕಣೋ," ಅಂದ್ರು, ತಮ್ಮ ಕಟ್ಟಳೆ ತಾವೇ ಮುರಿದು. "ಅಂಚಿಗೆ ಕಪ್ಪು ಇದೆ. ಮರ್ತೇಬಿಟ್ಟಿದ್ದೆ."

ನಾನು ಉಸಿರು ಬಿಡ್ಲಿಲ್ಲ. ಬಿಟ್ರೆ ಅದು ಹಾರಿಹೋಗುತ್ತೆ, ಬಿಡದಿದ್ರೆ ನಾನೇ ಹಾರಿಹೋಗ್ತೀನಿ. ಹಾಗೇ ಆಯ್ತು. ಎಲ್ಲ ಚಿಟ್ಟೆ ಒಟ್ಟಿಗೆ ರೆಕ್ಕೆ ಬಡಿದ್ವು, ನನ್ನ ಕಾಲು ನೆಲ ಬಿಡ್ತು. ಒಂದು ಗೇಣು ಏರಿದಾಗ ಮೇಷ್ಟ್ರು ತುದಿಗಾಲಲ್ಲಿ ನಿಂತ್ರು. ಎರಡು ಗೇಣು ಏರಿದಾಗ ಕಡಿದ ಮರದ ಬುಡ ಹತ್ತಿದ್ರು. ನೋಡ್ತಾನೇ ಇದ್ರು. ಕಣ್ಣಲ್ಲಿ ನೀರು, ನೀರಲ್ಲಿ ನೀಲಿ. ಕೊನೆಗೆ ಮೆಲ್ಲಗೆ, "ಸಾಕು ಕಣೋ, ತುಂಬಿಕೊಂಡೆ. ಇನ್ನು ಇಳಿ" ಅಂದ್ರು. ಇಳಿ ಅಂದ್ರೆ ಹೇಗೆ ಇಳಿಯೋದು? ಆಗ ನಾನು ಮೆಲ್ಲಗೆ ಅಂಗಿಯ ಒಂದೊಂದೇ ಗುಂಡಿ ಬಿಚ್ತಾ... ಭಾವ? ಪ್ಯಾಂಟು ಬಿಟ್ಟು ಎಲ್ಲಿಗೆ ಹೊರಟ್ರಿ? ನಾನಿನ್ನೂ ಕೆಳಗೇ ಇಳಿದಿಲ್ಲ!