ಮಲಗಿದ್ದ ಬ್ಯಾರನ್ ಪದವಿ

ಸೆಲ್ವಿಕ್ ವಂಶಕ್ಕೆ ಹಿಂದೆ ರಾಜರು ಕೊಟ್ಟಿದ್ದ ಬ್ಯಾರನ್ ಪದವಿ ಮೂವತ್ತು ವರ್ಷಗಳಿಂದ ಯಾರ ಹೆಸರಿಗೂ ಅಂಟದೆ ಮಲಗಿತ್ತು. ನಮ್ಮೂರಿನ ಕೊನೆಯ ಬ್ಯಾರನ್ ತೀರಿಕೊಂಡಾಗ ಗಂಡುಮಕ್ಕಳಿರಲಿಲ್ಲ. ಹೆಸ್ಟರ್ ಮತ್ತು ಮಿಲಿಸೆಂಟ್ ಎಂಬ ಇಬ್ಬರು ಹೆಣ್ಣುಮಕ್ಕಳಷ್ಟೇ. ಆ ಪದವಿ ಹೆಣ್ಣಿಗೂ ಸಲ್ಲುವಂಥದ್ದೇ. ಆದರೆ ಅಕ್ಕತಂಗಿಯರಲ್ಲಿ ದೊಡ್ಡವಳು ಚಿಕ್ಕವಳು ಎಂಬ ಭೇದವಿಲ್ಲ, ಇಬ್ಬರದೂ ಸಮಪಾಲು. ಒಬ್ಬಳು ಹಿಂದೆ ಸರಿದು ರಾಣಿಯೂ ಒಪ್ಪಿದರೆ ಮಾತ್ರ ಇನ್ನೊಬ್ಬಳಿಗೆ ಸಿಗುತ್ತಿತ್ತು.

ಹೆಸ್ಟರ್ ಮದುವೆಯಾಗಲಿಲ್ಲ. ಊರಿನ ಚರಂಡಿ, ಶಾಲೆ, ಸೇತುವೆ ಎಂದು ಓಡಾಡುತ್ತಲೇ ಅವಳ ಕೂದಲು ನೆರೆಯಿತು. ಮಿಲಿಸೆಂಟ್ ದನದ ಡಾಕ್ಟರನ್ನು ಮದುವೆಯಾಗಿ ಪಕ್ಕದ ಬೀದಿಯಲ್ಲೇ ಇದ್ದಳು.

ವಂಶದ ಪದವಿ ಪಡೆದ ಹೆಂಗಸರೂ ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ ಕೂರಬಹುದೆಂದು ಕಾನೂನು ಬಂದ ವರ್ಷ, ಒಂದು ಸಂಜೆ ಚಹಾ ಬಗ್ಗಿಸುತ್ತಾ ಮಿಲಿಸೆಂಟ್ ಹೇಳಿದಳು:

"ನಾನು ಹಿಂದೆ ಸರೀತೀನಿ. ನೀನು ಬ್ಯಾರನೆಸ್ ಆಗು."

"ನಿಂಗೇನು ತಲೆ ಕೆಟ್ಟಿದ್ಯಾ ಮಿಲಿ? ನಿಂಗೆ ಮಗ ಇದ್ದಾನೆ, ನಂಗ್ಯಾರಿದಾರೆ?"

"ಅದಕ್ಕೇ ಹೇಳ್ತಿರೋದು. ನಿನ್ನ ಕಾಲ ಆದ್ಮೇಲೆ ಹೇಗಿದ್ರೂ ನನ್ನ ಬೇಸಿಲ್‌ಗೇ ಬರತ್ತೆ. ಅಲ್ಲೀವರೆಗೆ ಸುಮ್ನೆ ಮಲಗಿರೋ ಬದ್ಲು ನೀನು ಎಬ್ಬಿಸಿ ದುಡಿಸು."

"ನೀನೇ ತಗೋಬಹುದಲ್ಲ."

"ನಾನಾ? ಅಲ್ಲಿ ಹೋಗಿ ನಿದ್ದೆ ಮಾಡ್ತೀನಷ್ಟೆ. ಅಪ್ಪ ಹೊಲ ನೋಡೋಕೆ ಹೊರಟಾಗೆಲ್ಲ ಜೊತೆಗೆ ಕರಕೊಂಡು ಹೋಗ್ತಿದ್ದಿದ್ದು ನಿನ್ನನ್ನೇ. ಆಗ ಹೊಟ್ಟೆ ಉರೀತಿತ್ತು ಕಣೆ. ಈಗ ನೋಡಿದ್ರೆ ಅಪ್ಪ ಮಾಡಿದ್ದೇ ಸರಿ."

ಹೆಸ್ಟರ್ ಕರವಸ್ತ್ರಕ್ಕೆ ತಡಕಾಡಿ, ಸಿಗದೆ, ಮೇಜಿನ ಮೇಲಿದ್ದ ಬಟ್ಟೆಯಲ್ಲೇ ಮೂಗೊರೆಸಿಕೊಂಡಳು.

ಮುಂದಿನ ವಸಂತದಲ್ಲಿ ರಾಣಿಯ ಒಪ್ಪಿಗೆ ಬಂತು. ಮಾಂಸದಂಗಡಿಯ ಟಾಪ್ಲಿ "ಲೇಡಿ ಸೆಲ್ವಿಕ್, ಕುರಿಯ ತೊಡೆ ಕೊಡ್ಲಾ?" ಎಂದು ಕೇಳಿದಾಗ ಯಾರನ್ನು ಕರೆದರೆಂದು ಹೆಸ್ಟರ್ ಹಿಂದಿರುಗಿ ನೋಡಿದಳಂತೆ. ಅಂಗಡಿಯೆಲ್ಲ ನಕ್ಕಿತು, ಅವಳೂ ನಕ್ಕಳು.

ಅವಳ ಮೊದಲ ಭಾಷಣಕ್ಕೆ ನಾವು ಹದಿನೈದಿಪ್ಪತ್ತು ಜನ ಲಂಡನ್ನಿಗೆ ಹೋಗಿ ಮೇಲಿನ ಪ್ರೇಕ್ಷಕರ ಸಾಲಿನಲ್ಲಿ ಕೂತಿದ್ದೆವು. ಹೆಸ್ಟರ್ ವಂಶದ ವಿಷಯ ಎತ್ತಲೇ ಇಲ್ಲ. ನಮ್ಮ ಕಣಿವೆಯ ಹಳ್ಳಿಗಳಿಗೆ ಬರುವ ಬಸ್ಸನ್ನು ರದ್ದು ಮಾಡಿದರೆ ಮುದುಕಿಯರು ಆಸ್ಪತ್ರೆಗೆ ಹೇಗೆ ಹೋಗಬೇಕು ಎಂದು ಕೇಳಿದಳು. ಮುದಿ ಲಾರ್ಡುಗಳು ನೆಟ್ಟಗೆ ಕೂತು ಆಲಿಸಿದರು. ಮಿಲಿಸೆಂಟ್ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು.

ಹೊರಗೆ ಬಂದಾಗ ಹೆಸ್ಟರ್ ಕೇಳಿದಳು, "ಹೇಗಿತ್ತು?"

"ತುಂಬಾ ಅವಸರದಲ್ಲಿ ಮಾತಾಡ್ದೆ," ಎಂದಳು ಮಿಲಿಸೆಂಟ್. "ಟೋಪಿ ಬೇರೆ ಸೊಟ್ಟಗಿತ್ತು."

ಹಾಗೆನ್ನುತ್ತಲೇ ಅಕ್ಕನನ್ನು ತಬ್ಬಿಕೊಂಡಳು. ಬಸ್ಸು ರದ್ದಾಗಲಿಲ್ಲ, ಈಗಲೂ ಮಂಗಳವಾರ, ಶುಕ್ರವಾರ ಓಡುತ್ತಿದೆ.