ಎರಡು ಚುಕ್ಕೆ, ಒಂದು ಕೊಕ್ಕೆ

ಆ ಫೋಟೊ ಕಂಡಾಗ ನಾನು ಕೌಂಟರಿನ ಹಿಂದೆ ಸ್ಟೂಲಿನ ಮೇಲೆ ಕೂತು ಯಾರದೋ ಕೋಟಿಗೆ ಗುಂಡಿ ಹೊಲಿಯುತ್ತಿದ್ದೆ. ಮೊಬೈಲು ತೊಡೆಯ ಮೇಲಿತ್ತು. ನನ್ನ ಕಥೆಯ ಕೆಳಗೆ, ಓದಿದವರು ಅಭಿಪ್ರಾಯ ಬರೆಯುವ ಜಾಗದಲ್ಲಿ, ಯಾರೋ ಒಂದು ಬಿಳಿ ಶರಟಿನ ಕಾಲರನ್ನು ಒಳಮೈ ಕಾಣುವಂತೆ ತಿರುಗಿಸಿ ಫೋಟೊ ತೆಗೆದು ಹಾಕಿದ್ದರು. ಕಾಲರಿನ ಒಳಗೆ ಕಂದು ಶಾಯಿಯಲ್ಲಿ ಬರೆದ ಪುಟ್ಟ ಏಣಿ.

‘ಈ ಏಣಿ ನನ್ನ ಶರಟಿನ ಮೇಲೂ ಇದೆಯಲ್ಲ! ಅಂದರೆ ಈ ಕಥೆ ನಡೆದಿರುವುದು ನಮ್ಮ ಬೀದಿಯಲ್ಲೇ. ಯಾರಪ್ಪಾ ಇದನ್ನು ಬರೆದವರು?’

ಸೂಜಿ ಬೆರಳಿಗೆ ಚುಚ್ಚಿತು. ಕಥೆ ಬರೆದವಳು ನಾನು. ಆ ಶರಟಿನ ಮೇಲೆ ಏಣಿ ಬರೆದವಳೂ ನಾನೇ.

ಎಷ್ಟು ಹುಷಾರಾಗಿದ್ದೆ! ಡಿಗ್ರಿ ಮುಗಿಸಿ ಅಪ್ಪನ ಲಾಂಡ್ರಿಯಲ್ಲಿ ಕೂತ ಮೇಲೆ, ಯಾರು ಬೇಕಾದರೂ ಕಥೆ ಹಾಕಬಹುದಾದ ಒಂದು ಜಾಲತಾಣದಲ್ಲಿ ಬರೆಯತೊಡಗಿದೆ. ಅದಕ್ಕೆಂದೇ ಬೇರೆ ಇಮೇಲ್ ಮಾಡಿಕೊಂಡೆ. ಹೆಸರಿನ ಜಾಗದಲ್ಲಿ ಒಂದು ಹಕ್ಕಿಯ ಹೆಸರು, ಮುಖದ ಜಾಗದಲ್ಲಿ ಒಂದು ಕಿಟಕಿ, ಅದೂ ನಮ್ಮ ಮನೆಯದಲ್ಲ. ಹುಟ್ಟಿದ ವರ್ಷ ಸುಳ್ಳು. ಫೋನಿನಲ್ಲಿ ಲೊಕೇಶನ್ ಸದಾ ಆಫ್. ಬರೆಯುವಾಗಲೂ ನಡುವಯಸ್ಸಿನ ಗಂಡಸಿನ ದನಿ. ಒಬ್ಬರು ‘ಸಾರ್, ನಿಮ್ಮ ಜೀವನಾನುಭವ ದೊಡ್ಡದು’ ಎಂದು ಬರೆದಾಗ ಗೋಡೆಗೆ ಮುಖ ಮಾಡಿಕೊಂಡು ನಕ್ಕಿದ್ದೆ. ಎದುರಿಗೆ ನಿಂತ ಗಿರಾಕಿಗೆ ‘ಶುಕ್ರವಾರ ರೆಡಿಯಾಗುತ್ತೆ’ ಎನ್ನುವುದಕ್ಕೇ ತಡವರಿಸುವ ನನಗೆ, ಆ ಹಕ್ಕಿಯ ಹಿಂದೆ ಅಡಗಿ ನಿಂತರೆ ಮಾತು ತಾನಾಗಿ ಬರುತ್ತಿತ್ತು.

ಆದರೆ ಗುರುತುಗಳನ್ನು ಮರೆತೆ. ನಮ್ಮ ಅಂಗಡಿಯಲ್ಲಿ ಬಟ್ಟೆಗಳು ಬೆರೆತುಹೋಗದಿರಲೆಂದು ಪ್ರತಿ ಮನೆಗೂ ಒಂದು ಗುರುತು. ಒಂದು ಮನೆಗೆ ಏಣಿ, ಇನ್ನೊಂದಕ್ಕೆ ಮೂರು ಗೀಟು, ಮತ್ತೊಂದಕ್ಕೆ ಮೀನು. ಗಿರಾಕಿಗಳ ಹೆಸರು ನಮ್ಮ ಬಾಯಲ್ಲಿ ಬರುವುದೇ ಇಲ್ಲ. ‘ಮೀನು ಇನ್ನೂ ಬಂದಿಲ್ವಾ?’ ‘ಮೂರು ಗೀಟಿನ ಪ್ಯಾಂಟು ಸುಟ್ಟುಹಾಕಿದ್ಯಲ್ಲೇ!’ ಅಪ್ಪನಿಗೂ ನನಗೂ ಇದು ಮನೆಮಾತು. ಕಥೆಯಲ್ಲಿ ಹೆಸರು ಬೇಡವೆಂದು ಪಾತ್ರಗಳನ್ನು ಈ ಗುರುತುಗಳಿಂದಲೇ ಕರೆದೆ. ಹೊರಗಿನವರಿಗೆ ಇದರ ತಲೆಬುಡ ಎಲ್ಲಿ ತಿಳಿಯಬೇಕು ಎಂದುಕೊಂಡೆ. ಪ್ರತಿಯೊಬ್ಬ ಗಿರಾಕಿಯೂ ತನ್ನ ಗುರುತನ್ನು ಕತ್ತಿನ ಹಿಂದೆ ಹೊತ್ತುಕೊಂಡೇ ತಿರುಗುತ್ತಾನೆ ಎನ್ನುವುದು ಹೊಳೆಯಲೇ ಇಲ್ಲ.

ಏಣಿ ಎದುರಿನ ಕಟ್ಟಡದ ಸೆಕ್ರೆಟರಿಯ ಗುರುತು. ಆ ಕಟ್ಟಡದ ಕ್ಯಾಮೆರಾ ಕೆಟ್ಟು ಎಷ್ಟೋ ಕಾಲವಾಗಿದೆ. ಅವರಿರುವಾಗ ರಿಪೇರಿ ಯಾಕೆ ಎಂದು ಅಪ್ಪ ಅವರಿಗೆ ಸಿಸಿಟಿವಿ ಅಂಕಲ್ ಎಂದು ಹೆಸರಿಟ್ಟಿದ್ದ. ಅಲ್ಲಿ ಸಂಸಾರಸ್ಥರಿಗೆ ಮಾತ್ರ ಮನೆ ಬಾಡಿಗೆಗೆ ಕೊಡುವುದು. ಒಂಟಿಯಾಗಿರುವವರಿಗೆ, ಅದರಲ್ಲೂ ಹೆಂಗಸರಿಗೆ, ಕೊಡುವುದಿಲ್ಲ. ಆ ನಿಯಮವನ್ನು ಅಂಕಲ್ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು.

ಎರಡು ಚುಕ್ಕೆ ಒಂದು ಕೊಕ್ಕೆ, ಅದೇ ಕಟ್ಟಡದ ಮೂರನೇ ಮಹಡಿಯ ಟೀಚರ್ ಮನೆಯ ಗುರುತು. ಟೀಚರ್ ತಮ್ಮ ಬಟ್ಟೆ ತಾವೇ ಒಗೆದುಕೊಳ್ಳುತ್ತಿದ್ದರು. ನಮಗೆ ಬರುತ್ತಿದ್ದುದು ಅವರ ಗಂಡನ ಶರಟುಗಳು ಮಾತ್ರ. ಗಂಡನಿಗೆ ರಾತ್ರಿ ಪಾಳಿ, ಹಗಲೆಲ್ಲ ನಿದ್ದೆ, ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ ಎನ್ನುತ್ತಿದ್ದರು. ಒಂದು ಸಲ ಗಂಟು ಬಿಚ್ಚಿದರೆ ಶರಟುಗಳಲ್ಲಿ ನಾವು ಹಾಕಿದ ಇಸ್ತ್ರಿಯ ಗೆರೆ ಹಾಗೇ ಇತ್ತು. ಕಾಲರಿನಲ್ಲಿ ಬೆವರಿಲ್ಲ, ತೋಳಿನಲ್ಲಿ ಸುಕ್ಕಿಲ್ಲ. ಮುಂದಿನ ವಾರವೂ ಹಾಗೇ. ಹಾಕಿಕೊಳ್ಳದ ಶರಟುಗಳು ಒಗೆಯಲು ಬರುತ್ತಿದ್ದವು, ಮರಳಿ ಹೋಗಿ ಬಾಲ್ಕನಿಯಲ್ಲಿ ಎಲ್ಲರಿಗೂ ಕಾಣುವಂತೆ ನೇತಾಡುತ್ತಿದ್ದವು. ಅಪ್ಪ ಒಂದನ್ನು ಮೂಸಿ ನೋಡಿ, ನನ್ನ ಮುಖ ನೋಡಿ, ‘ಒಗೆಯೋದು ನಮ್ಮ ಕೆಲಸ. ಕೇಳೋದಲ್ಲ,’ ಎಂದು ತೊಟ್ಟಿಗೆ ಹಾಕಿದ್ದ.

ನಾನು ಕೇಳಲಿಲ್ಲ. ಬರೆದೆ. ಟೀಚರನ್ನು ನರ್ಸ್ ಮಾಡಿದೆ, ಬೀದಿಯ ಪಕ್ಕ ಇಲ್ಲದ ನದಿಯೊಂದನ್ನು ಹರಿಸಿದೆ, ಗಂಡನ ಶರಟುಗಳನ್ನು ನೀಲಿ ಮಾಡಿದೆ. ಗಂಡ ಬಿಟ್ಟುಹೋದರೂ ಮನೆ ಉಳಿಸಿಕೊಳ್ಳಲು ಅವನ ಶರಟುಗಳನ್ನು ಒಗೆಸುತ್ತಲೇ ಇರುವ ಹೆಂಗಸಿನ ಕಥೆ ಎಲ್ಲರಿಗೂ ಹಿಡಿಸಿತು. ನಾನು ಹಾಕಿದ್ದರಲ್ಲೆಲ್ಲ ಅತಿ ಹೆಚ್ಚು ಜನ ಓದಿದ್ದು ಅದನ್ನೇ.

ಈಗ ಏಣಿಯ ಫೋಟೊದ ಕೆಳಗೆ ಇನ್ನೊಬ್ಬರು ಬರೆದರು: ‘ಅಯ್ಯೋ, ನನ್ನದು ಮೂರು ಗೀಟು! ಹಾಗಾದ್ರೆ ಎರಡು ಚುಕ್ಕೆ ಯಾರು?’ ಅದರ ಕೆಳಗೆ ಮತ್ತೊಬ್ಬರು: ‘ಬಾಲ್ಕನಿಗಳ ಮೇಲೆ ಒಂದು ಕಣ್ಣಿಡಿ.’ ನಗುವ ಮುಖಗಳ ಸಾಲು.

‘ಅಳಿಸಿ’ ಒತ್ತಿದೆ. ಖಚಿತವೇ ಎಂದು ಕೇಳಿತು. ಖಚಿತ ಎಂದೆ. ಕಥೆ ಹೋಯಿತು, ಫೋಟೊ ಹೋಯಿತು, ಮೂರು ಗೀಟೂ ಹೋಯಿತು. ಪುಟ ಖಾಲಿಯಾದರೂ ಬಿಡದೆ ಮತ್ತೆ ಮತ್ತೆ ತೆರೆದು ನೋಡಿದೆ. ತಲೆ ಎತ್ತಿದರೆ ಬೀದಿ ದಾಟಿಕೊಂಡು ಸಿಸಿಟಿವಿ ಅಂಕಲ್ ಬರುತ್ತಿದ್ದರು. ಒಂದು ಕೈಯಲ್ಲಿ ಬಿಳಿ ಶರಟು, ಇನ್ನೊಂದರಲ್ಲಿ ಫೋನು.

‘ಏನ್ರೀ, ನಿಮ್ಮ ಲಾಂಡ್ರಿ ಫೇಮಸ್ ಆಗ್ಬಿಡ್ತಲ್ಲ!’

‘ಎಲ್ಲಿ ಸ್ವಾಮಿ? ಒಬ್ಬ ಗಿರಾಕಿನೂ ಜಾಸ್ತಿ ಆಗಿಲ್ಲ,’ ಅಂದ ಅಪ್ಪ, ಇಸ್ತ್ರಿ ಪೆಟ್ಟಿಗೆ ಕೆಳಗಿಡದೆ.

‘ಯಾವನೋ ಕಥೆ ಬರೆದಿದ್ದಾನೆ. ಈಗ ನೋಡಿದ್ರೆ ಕಳ್ಳನ ಹಾಗೆ ಅಳಿಸಿಬಿಟ್ಟಿದ್ದಾನೆ. ನಾನು ಬಿಡ್ತೀನಾ? ಮೊದಲೇ ಸ್ಕ್ರೀನ್‌ಶಾಟ್ ತೆಗೆದು ಬಿಲ್ಡಿಂಗ್ ಗ್ರೂಪಿಗೆ ಹಾಕಿದೀನಿ.’

ನಾನು ಅಳಿಸಿದ್ದು ನನ್ನ ಪ್ರತಿಯನ್ನು ಮಾತ್ರ.

‘ಅದರಲ್ಲಿ ಏಣಿ ಅಂತ ಒಬ್ಬ ಇದ್ದಾನೆ ಕಣ್ರೀ. ಪಕ್ಕದ ಮನೆ ಕಸದ ಬುಟ್ಟಿ ನೋಡಿ ಅವರು ಏನು ತಿಂದ್ರು ಅಂತ ಹೇಳ್ತಾನಂತೆ. ನಾನು ಹಂಗಾ? ನೀವೇ ಹೇಳಿ.’

ಅಪ್ಪ ಕೆಮ್ಮಿದ. ‘ಛೆ ಛೆ. ಬುಟ್ಟಿ ನೋಡೋಕೆ ನಿಮಗೆ ಪುರುಸೊತ್ತಾದ್ರೂ ಎಲ್ಲಿದೆ?’

‘ಅದಿರ್ಲಿ. ಈ ಎರಡು ಚುಕ್ಕೆ ಒಂದು ಕೊಕ್ಕೆ, ಅದು ಯಾರ ಮನೆ ಗುರುತು?’

‘ಅದಾ? ಅದು ನಿಮ್ಮ ಬಿಲ್ಡಿಂಗ್...’

‘ನಮ್ದು!’

ಅಷ್ಟು ಜೋರಾಗಿ ಕೂಗಿದ್ದು ನಾನೇ ಎಂದು ತಿಳಿಯಲು ನನಗೂ ಸ್ವಲ್ಪ ಹೊತ್ತು ಹಿಡಿಯಿತು. ಇಬ್ಬರೂ ನನ್ನ ಕಡೆ ತಿರುಗಿದರು.

‘ಅರೆ, ಈ ಹುಡುಗಿಗೆ ಮಾತು ಬರುತ್ತಾ?’ ಅಂದರು ಅಂಕಲ್.

‘ನಮ್ಮನೆ ಗುರುತು ಅಂಕಲ್. ಅಪ್ಪನ ಶರಟಿಂದು.’

‘ನಿಮ್ಮಪ್ಪ ಈಗ ನಮ್ಮ ಬಿಲ್ಡಿಂಗ್ ಅಂದ್ರಲ್ಲ?’

ಅಪ್ಪ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಇಸ್ತ್ರಿ ಪೆಟ್ಟಿಗೆಯನ್ನು ಮೆಲ್ಲಗೆ ಅದರ ಜಾಗದಲ್ಲಿಟ್ಟು ಅಪ್ಪ ಅಂದ, ‘ನಿಮ್ಮ ಬಿಲ್ಡಿಂಗಿನೋರಿಗೆ ನಮ್ಮ ಗುರುತು ಕಟ್ಕೊಂಡು ಏನಾಗ್ಬೇಕು ಅಂತ ಕೇಳೋಕೆ ಹೋದೆ. ನೀವು ಪೂರ್ತಿ ಹೇಳೋಕೆ ಬಿಡೋದೇ ಇಲ್ವಲ್ಲ.’

‘ತೋರಿಸಿ ನೋಡೋಣ ನಿಮ್ಮ ಕಾಲರ್ರು.’

‘ಅಂಗಡೀಲಿ ನಿಂತ್ಕೊಂಡು ಶರಟು ಬಿಚ್ಚಲಾ? ಚೆನ್ನಾಗಿದೆ ನಿಮ್ಮ ಕಥೆ.’

ಅಂಕಲ್ ಕದಲಲಿಲ್ಲ. ಅವರ ಕಣ್ಣು ಬೀದಿಯಾಚೆ ತಮ್ಮ ಕಟ್ಟಡದ ಕಡೆ ಹೊರಳಿತು. ಬಾಲ್ಕನಿಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಮೂರನೇ ಮಹಡಿಗೆ ಬರುವಷ್ಟರಲ್ಲಿ ನನ್ನ ಬಾಯಿ ತೆರೆದುಕೊಂಡಿತ್ತು.

‘ಆ ಕಥೆ ಬರೆದಿದ್ದು ನಾನು ಅಂಕಲ್.’

‘ನೀನಾ? ಯಾವಳೋ ಹುಡುಗಿ ಬರೆಯೋ ಮಾತಾ ಅದು? ಬರೆದಿರೋನು ನನ್ನ ವಯಸ್ಸಿನೋನು.’

‘ಹಂಗೆ ಕಾಣ್ಲಿ ಅಂತಾನೇ ಬರೆದಿದ್ದು.’

ಅವರು ಫೋನನ್ನು ಎದೆಗೆ ಒತ್ತಿ ಹಿಡಿದುಕೊಂಡರು. ‘ಎಲ್ಲಿ, “ಬಾಗಿಲ ಬಳಿ ಗಂಡಸಿನ ಚಪ್ಪಲಿ ಇತ್ತು” ಅಂತ ಬರುತ್ತಲ್ಲ, ಅದರ ಮುಂದಿನ ಸಾಲು ಹೇಳು.’

ಹೇಳಿದೆ. ‘ಅದರ ಮೇಲಿನ ಧೂಳನ್ನು ಅವಳು ದಿನಾ ಬೆಳಿಗ್ಗೆ ಒರೆಸುತ್ತಿದ್ದಳು, ಹಾಕಿಕೊಂಡು ಹೋದವನು ಈಗಷ್ಟೇ ಬಂದನೆಂದು ಕಾಣುವ ಹಾಗೆ.’ ನನ್ನ ಸಾಲನ್ನು ನನ್ನ ದನಿಯಲ್ಲಿ ನಾನೇ ಕೇಳಿದ್ದು ಅದೇ ಮೊದಲು. ಆ ಹಕ್ಕಿಯ ಹಿಂದೆ ಇನ್ನು ಅಡಗಿ ನಿಲ್ಲುವ ಹಾಗಿರಲಿಲ್ಲ.

‘ಹಾಗಾದ್ರೆ ಆ ನರ್ಸು? ಗಂಡ ಬಿಟ್ಟುಹೋದೋಳು?’

‘ನಮ್ಮ ಬೀದೀಲಿ ಯಾವ ನರ್ಸಿದ್ದಾರೆ ಅಂಕಲ್? ಯಾವ ನದಿ ಇದೆ? ಎಲ್ಲ ಕೂತು ಕಟ್ಟಿದ್ದು. ಗುರುತು ಮಾತ್ರ ಅಂಗಡೀದು. ಅಪ್ಪನ ಗುರುತು ಯಾರಿಗೆ ಗೊತ್ತಾಗುತ್ತೆ ಅಂತ ಹಾಕ್ಕೊಂಡೆ.’

ಅವರ ಮುಖ ನೋಡನೋಡುತ್ತಲೇ ಬಾಡಿತು. ಯಾರೋ ಗೊತ್ತಿಲ್ಲದವನು ಬರೆದಿದ್ದಾಗ ಅದು ನಡೆದ ಸಂಗತಿಯಾಗಿತ್ತು. ಲಾಂಡ್ರಿಯ ಹುಡುಗಿ ಬರೆದದ್ದು ಎಂದಾದ ಕೂಡಲೇ ಬರೀ ಸುಳ್ಳಾಯಿತು.

‘ಇಷ್ಟೇನಾ? ಥೂ. ನಾನು ಏನೋ ಅಂದ್ಕೊಂಡೆ. ಮತ್ತೆ ಏಣಿ?’

‘ತಪ್ಪಾಯ್ತು ಅಂಕಲ್.’

‘ತಪ್ಪಂತೆ ತಪ್ಪು. ಇಷ್ಟು ಓದಿಸಿದ್ದು ಇದಕ್ಕೇನ್ರೀ?’ ಎಂದು ಅಪ್ಪನಿಗೆ ಅಂದವರು, ಅಲ್ಲೇ ನಿಂತು ಫೋನನ್ನು ಬಾಯಿಯ ಹತ್ತಿರ ಹಿಡಿದು ಗ್ರೂಪಿಗೆ ಹೇಳಿದರು: ‘ಎಲ್ಲರೂ ಕೇಳಿ. ಅದು ಬರೆದಿರೋದು ನಮ್ಮ ಲಾಂಡ್ರಿಯವರ ಮಗಳು.’ ಆಮೇಲೆ ನನ್ನ ಹೆಸರು. ಮನೆಯವರು ಮಾತ್ರ ಕರೆಯುವ ಅಡ್ಡಹೆಸರು ಕೂಡ. ಅದು ಅವರಿಗೆ ಹೇಗೆ ಗೊತ್ತಾಯಿತೋ.

ಅವರು ಹೋದ ಮೇಲೆ ಅಪ್ಪ ಹಿಂದಿನ ಕೋಣೆಗೆ ಹೋಗಿ ಶರಟು ಬಿಚ್ಚಿ, ಶಾಯಿಕಡ್ಡಿ ತೆಗೆದು, ತನ್ನ ಕಾಲರಿನ ಒಳಗೆ ಎರಡು ಚುಕ್ಕೆ ಒಂದು ಕೊಕ್ಕೆ ಬರೆದು ಊದುತ್ತ ಕೂತ.

‘ಯಾಕಪ್ಪಾ?’

‘ಆ ಮನುಷ್ಯ ವಾಪಸ್ ಬಂದೇ ಬರ್ತಾನೆ. ನಂಗೆ ಗೊತ್ತಿಲ್ವಾ?’ ಊದುವುದನ್ನು ನಿಲ್ಲಿಸಿ ಕೇಳಿದ, ‘ಟೀಚರ್‌ಗೆ ಹೇಳಿದೀಯಾ?’

‘ಇಲ್ಲ.’

‘ಇವತ್ತು ಬಟ್ಟೆ ತಗೊಳ್ಳೋಕೆ ಬರ್ತಾರೆ. ನೀನೇ ಹೇಳು. ನನ್ನ ಕೈಲಿ ಹೇಳಿಸಬೇಡ.’

ಅವರು ಬರುವ ತನಕ ಬಾಗಿಲಲ್ಲಿ ನೆರಳು ಕಂಡಾಗಲೆಲ್ಲ ತಲೆಯೆತ್ತುತ್ತಿದ್ದೆ. ಯಾರ್‍ಯಾರೋ ಬಟ್ಟೆ ನೆಪ ಮಾಡಿಕೊಂಡು ಬಂದರು, ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮೂರು ಗೀಟಿನ ಆಂಟಿ, ‘ನಮ್ಮ ಬಗ್ಗೆ ಏನೂ ಬರೀಬೇಡಮ್ಮ ತಾಯಿ,’ ಎಂದು ನಕ್ಕು, ತಂದಿದ್ದ ಹಾಸಿಗೆ ಹೊದಿಕೆಯನ್ನು ಕೊಡದೆ ವಾಪಸು ಒಯ್ದರು.

ಟೀಚರ್ ಶಾಲೆ ಬಿಟ್ಟ ಮೇಲೆ ಬಂದರು. ಹೆಗಲಲ್ಲಿ ಉತ್ತರಪತ್ರಿಕೆಗಳ ಚೀಲ. ‘ಏನು ಪುಟ್ಟಿ, ಆಯ್ತಾ?’ ಎಂದು ಎಂದಿನಂತೆ ಕೇಳಿದರು. ಗ್ರೂಪನ್ನು ನೋಡಿಲ್ಲ ಎಂದು ಆ ದನಿಯಲ್ಲೇ ಗೊತ್ತಾಯಿತು. ಶರಟುಗಳನ್ನು ಕೌಂಟರಿನ ಮೇಲಿಟ್ಟೆ. ಅಪ್ಪ ಹಿಂದಿನ ಕೋಣೆಯಲ್ಲಿ ನಲ್ಲಿ ಜೋರಾಗಿ ತಿರುಗಿಸಿದ.

ಹೇಳಿದೆ. ಮೊದಲಿನಿಂದ ಕೊನೆಯವರೆಗೆ, ಅವರ ಹೆಗಲಿನ ಚೀಲದ ದಾರವನ್ನು ನೋಡುತ್ತ.

‘ಅವರು ನಂಬಿದ್ರಾ?’ ಕೊನೆಗೆ ಕೇಳಿದರು.

‘ನಂಬಿದ ಹಾಗೆ ಕಾಣಿಸ್ತು.’

‘ಕಾಣಿಸ್ತು.’ ಆ ಪದವನ್ನು ಅವರು ನಾಲಿಗೆಯ ಮೇಲಿಟ್ಟು ತೂಗಿದ ಹಾಗಿತ್ತು. ‘ನರ್ಸ್ ಮಾಡಿದ್ಯಾ ನನ್ನ?’

‘ಹೂಂ.’

‘ರಕ್ತ ಕಂಡ್ರೆ ತಲೆ ತಿರುಗುತ್ತೆ ನಂಗೆ.’ ಅವರು ನಗಲಿಲ್ಲ. ‘ಬರೆಯೋಕೆ ಮುಂಚೆ ನನ್ನ ಒಂದು ಮಾತು ಕೇಳಬೇಕು ಅನಿಸ್ಲಿಲ್ವಾ?’

‘ನಿಮ್ಮ ಹೆಸರು ಎಲ್ಲೂ ಹಾಕಿರ್ಲಿಲ್ಲ ಟೀಚರ್.’

‘ನಿನ್ನ ಹೆಸರೂ ಹಾಕಿರ್ಲಿಲ್ಲ. ನಿನ್ನನ್ನ ಎಷ್ಟು ಚೆನ್ನಾಗಿ ಬಚ್ಚಿಟ್ಟೆ! ಇಮೇಲ್ ಬೇರೆ, ವಯಸ್ಸು ಬೇರೆ, ದನಿ ಬೇರೆ. ನನ್ನನ್ನ ಬಚ್ಚಿಡೋವಾಗ ಒಂದು ನದಿ ಸಾಕಾಯ್ತು.’

ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ತರಗತಿಯಲ್ಲಿ ಲೆಕ್ಕ ಬಿಡಿಸುವ ದನಿಯಲ್ಲೇ ಹೇಳಿದರು. ಮೇಲಿನ ಶರಟನ್ನು ಎತ್ತಿ, ಕಾಲರನ್ನು ತಿರುಗಿಸಿ, ಆ ಗುರುತನ್ನು ಮೊದಲ ಸಲ ಎನ್ನುವಂತೆ ನೋಡಿದರು. ಉಗುರಿನಿಂದ ಕೆರೆದರು.

‘ಒಗೆದ್ರೆ ಹೋಗುತ್ತಾ ಇದು?’

‘ಹೋಗಬಾರದು ಅಂತಾನೇ ಮಾಡಿರೋ ಶಾಯಿ.’

‘ಹಾಗಾದ್ರೆ ಕತ್ತರಿಸು.’

‘ತೂತು ಬೀಳುತ್ತೆ ಟೀಚರ್. ಆಮೇಲೆ ಹಾಕ್ಕೊಳ್ಳೋಕೆ ಬರಲ್ಲ.’

ಅವರು ನನ್ನನ್ನು ನೇರವಾಗಿ ನೋಡಿದರು. ‘ಯಾರು ಹಾಕ್ಕೊಳ್ಳೋರು?’

ಕತ್ತರಿ ತೆಗೆದುಕೊಂಡೆ. ಹೊರಗೆ, ಎದುರಿನ ಗೇಟಿನ ಬಳಿ ಸಿಸಿಟಿವಿ ಅಂಕಲ್ ಬಂದು ನಿಂತಿದ್ದರು. ಫೋನು ನೋಡುತ್ತಿದ್ದರು, ನಡುನಡುವೆ ತಲೆಯೆತ್ತಿ ನಮ್ಮ ಅಂಗಡಿಯನ್ನು ನೋಡುತ್ತಿದ್ದರು. ಆಮೇಲೆ ಫೋನನ್ನು ಜೇಬಿಗಿಟ್ಟು ರಸ್ತೆಗೆ ಇಳಿದರು. ಮೊದಲ ಕಾಲರಿನ ಬಟ್ಟೆ ಕತ್ತರಿಯ ಬಾಯಿಗೆ ಸಿಕ್ಕದೆ ಜಾರಿತು.

ಟೀಚರ್ ಬೀದಿಗೆ ಬೆನ್ನು ಮಾಡಿ, ಚೀಲವನ್ನು ಕೌಂಟರಿನ ಮೇಲೆ ಎತ್ತಿಟ್ಟು, ನನ್ನ ಕೈ ಹೊರಗಿನವರಿಗೆ ಕಾಣದಂತೆ ಅಡ್ಡ ನಿಂತರು.

‘ಬೇಗ,’ ಅಂದರು.